ಮಾವನ ನೈಂಟಿ ಎಣ್ಣಿ

ನಮ್ಮ ಸೋದರಮಾವ ಜೀಪು ಇಟ್ಟುಕೊಂಡಿದ್ದಾನೆ ಎಂದು ಶಹಾಪುರದಲ್ಲಿ ಯಾರೂ ಹೇಳುವುದಿಲ್ಲ. ಜೀಪೇ ಅವನನ್ನು ಇಟ್ಟುಕೊಂಡಿದೆ ಎನ್ನುತ್ತಾರೆ! ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಡ್ರೈವರ್ ಆಗಿದ್ದು ನಿವೃತ್ತನಾದ ಮೇಲೆ ಒಂದು ಹಳೆಯ ಜೀಪು ಕೊಂಡ. ಅದು ರಸ್ತೆಯ ಮೇಲೆ ಓಡಿದ್ದಕ್ಕಿಂತ ಅಂಗಳದಲ್ಲಿ ಬಿಚ್ಚಿಕೊಂಡು ಬಿದ್ದದ್ದೇ ಹೆಚ್ಚು.

ಬಿಚ್ಚುವುದಕ್ಕೂ ಹೊತ್ತುಗೊತ್ತು ಬೇಡವೇ? ಮಗಳ ಹೆರಿಗೆಯ ದಿನ ಎಲ್ಲರೂ ದವಾಖಾನೆಯಲ್ಲಿದ್ದರೆ ಇವನು ಕಾರ್ಬುರೇಟರ್ ಬಿಚ್ಚಿ ಕೂತಿದ್ದ. ನನ್ನ ತಾಯಿಗೆ ಟೈಫಾಯ್ಡ್ ಆದಾಗ ಅಕ್ಕನನ್ನು ನೋಡಲು ಬಂದವನು ನಮ್ಮ ಮನೆಯ ಮುಂದೆಯೇ ನಾಲ್ಕೂ ಗಾಲಿ ಕಳಚಿ ಗ್ರೀಸ್ ಹಚ್ಚಿದ.

"ಜ್ವರ ನನಗ ಬಂದದೋ, ನಿನ್ನ ಗಾಲಿಗಿ ಬಂದದೋ?" ಎಂದು ಅಮ್ಮ ಹಾಸಿಗೆಯಿಂದಲೇ ಬೈದಳು.

"ಸಪ್ಪಳ ಬರಾಕತ್ತದಕ್ಕಾ" ಅಂದ. ನಮಗ್ಯಾರಿಗೂ ಯಾವ ಸಪ್ಪಳವೂ ಕೇಳಿರಲಿಲ್ಲ.

ಹೋದ ವರ್ಷ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದರು. ಕಲಬುರಗಿಯಲ್ಲಿ ಆಪರೇಷನ್, ನಸುಕಿನಲ್ಲೇ ಜೀಪಿನಲ್ಲಿ ಹೊರಡುವುದೆಂದು ಮಾತಾಗಿತ್ತು. ಹಿಂದಿನ ದಿನ ಮಧ್ಯಾಹ್ನ ನಾನು ಶಾಲೆಗೆ ರಜೆ ಹಾಕಿ ಯಾದಗಿರಿಯಿಂದ ಬಂದು ನೋಡುತ್ತೇನೆ, ಮಾವ ಜೀಪಿನ ಕೆಳಗೆ! ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ.

"ಡಿಫರೆನ್ಸಿನ ಎಣ್ಣಿ ಬದಲಿ ಮಾಡಾಕತ್ತೀನಿ ಅಳಿಯಾ" ಎಂದವು ಪಾದಗಳು.

ಡಿಫರೆನ್ಸ್ ಎಂದರೆ ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಂತೆ ಕೂತಿರುವ ಕಬ್ಬಿಣದ ಉಂಡೆ. ತಿರುವಿನಲ್ಲಿ ಹೊರಗಿನ ಗಾಲಿ ಜೋರಾಗಿ, ಒಳಗಿನದು ನಿಧಾನವಾಗಿ ಹೋಗುವುದು ಅದರ ಪುಣ್ಯದಿಂದಲೇ. "ಗಂಡ ಹೆಂಡ್ತಿ ಇದ್ದಂಗ ಅದು. ಒಂದ ಅಚ್ಚಿಗಿ ಕೂಡ್ಯಾರ ಖರೆ, ತಿರುವು ಬಂದ್ರ ಒಬ್ಬರು ಸಾವಕಾಶ ಆಗಬೇಕು" ಎಂದು ಮಾವ ಮದುವೆ ಮನೆಗಳಲ್ಲಿ ಕೂಡ ಭಾಷಣ ಮಾಡಿದ್ದಾನೆ!

ಅದರ ಎಣ್ಣೆ ಬದಲಿಸುವ ಶಾಸ್ತ್ರವೂ ನನಗೆ ಬಾಯಿಪಾಠ. ಮೊದಲು ತುಂಬುವ ಬಾಯಿಯ ಬಿರಡೆ ಬಿಚ್ಚಿ ನೋಡಬೇಕು, ಆಮೇಲೆ ಹಳೆಯ ಎಣ್ಣೆ ಇಳಿಸುವ ಬಾಯಿಯದು. ಉಲ್ಟಾ ಮಾಡಿದವನನ್ನು ಮಾವ ಡ್ರೈವರನೇ ಅಲ್ಲ ಎನ್ನುತ್ತಾನೆ. ಆ ದಿನ ಉಲ್ಟಾ ಮಾಡಿದವನು ಸ್ವತಃ ಮಾವ! ಹಳೆಯ ಎಣ್ಣೆಯೆಲ್ಲ ಅತ್ತೆಯ ಬೋಗುಣಿಗೆ ಇಳಿದುಹೋಗಿತ್ತು. ತುಂಬುವ ಬಾಯಿಯ ಬಿರಡೆ ಮಾತ್ರ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ. ಅದನ್ನು ಬಿಚ್ಚಿ ಹೊಸ ಎಣ್ಣೆ ತುಂಬದಿದ್ದರೆ ನಾಳೆ ಜೀಪು ಹೊರಡುವಂತಿಲ್ಲ.

"ಬಾಡಿಗಿ ಕಾರು ಹೇಳಲೇನು ಮಾವ?"

"ಆಕಿನ್ನ ಬ್ಯಾರೆಯವರ ಗಾಡ್ಯಾಗ ಕಳಸ್ತೀನೇನು? ನಡಿ, ನೈಂಟಿ ಎಣ್ಣಿ ತಗೊಂಡು ಬಾ! ಎರಡು ಲೀಟರ್!"

ನೈಂಟಿ ಎಂಬುದು ಗೇರ್ ಎಣ್ಣೆಯ ನಂಬರು, ಪಾಪ. ಆದರೆ ನೈಂಟಿ, ಎಣ್ಣಿ ಎರಡನ್ನೂ ಒಟ್ಟಿಗೆ ಓಣಿಗೆಲ್ಲ ಕೇಳುವಂತೆ ಕೂಗಿದರೆ ಜನ ಏನು ತಿಳಿಯಬೇಕು? ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗವಿರುವ, ಸೋಡಾ ಕುಡಿಯಲೂ ಹಿಂದೆಮುಂದೆ ನೋಡುವ ಮನುಷ್ಯ!

ಎದುರಿನ ಕಿರಾಣಿ ಅಂಗಡಿಯ ಕಾಕಾ ನಾನು ಹತ್ತಿದ್ದ ಮಾವನ ಸೈಕಲ್ಲನ್ನೇ ಹಿಡಿದು ನಿಲ್ಲಿಸಿದ. "ನಿಮ್ಮ ಮಾವನೂ ಸುರು ಹಚ್ಚಿದನೇನ್ರಿ ಮಾಸ್ತರ? ನೈಂಟಿ ತಿಳೀತದ, ಎರಡು ಲೀಟರ್ ಯಾಕ?"

ನಾನು ಎಣ್ಣೆ ತರುವಷ್ಟರಲ್ಲಿ ಸುದ್ದಿ ಹಿತ್ತಲ ಬಾಗಿಲಿನಿಂದ ಅತ್ತೆಯನ್ನು ಮುಟ್ಟಿತ್ತು. ಡಾಕ್ಟರು ಮಲಗಿರಿ ಎಂದಿದ್ದರೂ ಅವಳು ಎದ್ದು ಬಂದು ಜೀಪಿನ ಪಕ್ಕ ನಿಂತಿದ್ದಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ.

"ನಿಮಗ ಅಂಜಿಕಿ ಆಗ್ಯದಂತ ನನಗ ಗೊತ್ತದರಿ" ಎಂದಳು ಮೆತ್ತಗೆ. "ಆದ್ರ ಕುಡಿಯೂದು ಬ್ಯಾಡ್ರಿ."

ಪಾದಗಳು ಇನ್ನಷ್ಟು ಒಳಗೆ ಸರಿದವು. "ಕುಡಿಯೂದಲ್ಲ ಇದು, ಗಾಡಿ ಎಣ್ಣಿ."

"ಅಂಜಿಕಿ?"

"…ಅದು ಖರೆ."

ಆಗ ನನ್ನ ಮಂದಬುದ್ಧಿಗೆ ಹೊಳೆಯಿತು. ಮಗಳ ಹೆರಿಗೆಗೆ ಕಾರ್ಬುರೇಟರ್, ಅಕ್ಕನ ಜ್ವರಕ್ಕೆ ನಾಲ್ಕು ಗಾಲಿ! ಇಷ್ಟು ವರ್ಷ ಆ ಸಪ್ಪಳ ಬರುತ್ತಿದ್ದುದು ಜೀಪಿನಿಂದ ಅಲ್ಲ. ನಕ್ಕಿದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು.

ಅತ್ತೆ ಬಗ್ಗಿ ಬಿರಡೆ ನೋಡಿದಳು. "ಉಪ್ಪಿನಕಾಯಿ ಡಬ್ಬಿ ಮುಚ್ಚಳ ಹಿಡದ್ರ ನಾ ಸುಡು ನೀರು ಸುರೀತೀನಿ. ಇದಕ್ಕೂ ಸುರದು ನೋಡ್ರಿ" ಎಂದಳು. ಅವಳು ಹೇಳಿದಂತೆ ನಾನು ಒಲೆಯ ಮೇಲಿನ ಕುದಿನೀರು ತಂದು ಮೂರು ಸಲ ಸುರಿದೆ. ಮಾವ ಬಿರಡೆಗೆ ಪಾನಾ ಹಾಕಿ ಇಡೀ ಮೈಭಾರ ಬಿಟ್ಟ. ಕಿರ್ರೆಂದು ಬಿಚ್ಚಿತು! ಮೂವತ್ತು ವರ್ಷ ಜೀಪು ಹೊಡೆದವನಿಗೆ ಉಪ್ಪಿನಕಾಯಿ ವಿದ್ಯೆ ಗೊತ್ತಿರಲಿಲ್ಲ, ನೋಡಿ!

ರಾತ್ರಿಯೇ ಹೊಸ ಎಣ್ಣೆ ತುಂಬಿ ನಸುಕಿನಲ್ಲಿ ಹೊರಟೆವು. ತಿರುವು ಬಂದಲ್ಲೆಲ್ಲ ಮಾವ ಎತ್ತಿನ ಗಾಡಿಗಿಂತ ಸಾವಕಾಶ ಹೊಡೆದ. ದವಾಖಾನೆಯಲ್ಲಿ ಅತ್ತೆಯನ್ನು ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು, ಬಾಗಿಲು ಮುಚ್ಚಿತು. ತಿರುಗಿ ನೋಡಿದರೆ ಮಾವ ಇಲ್ಲ.

ಎರಡು ತಾಸಿನ ಮೇಲೆ ನರ್ಸಮ್ಮ ಬಂದು ಎಲ್ಲ ಚೆನ್ನಾಗಿ ಆಯಿತು ಎಂದಳು. ನಾನು ದವಾಖಾನೆಯ ಅಂಗಳಕ್ಕೆ ಓಡಿದೆ. ಜೀಪಿನ ಕೆಳಗೆ ಅವೇ ಎರಡು ಪಾದ.

"ಮಾವ, ಅತ್ತಿ ಕಣ್ಣು ತೆರದಾಳ. ಗಡ್ಡಿ ಕೆಟ್ಟದ್ದಲ್ಲಂತ."

ಕೆಳಗೆ ಪಾನಾ ಠಣ್ಣೆಂದು ಬಿತ್ತು. ಆಮೇಲೆ ಒಡೆದ ದನಿ ಬಂತು. "ಎಣ್ಣಿ ಸೋರಾಕತ್ತದ ಅಳಿಯಾ… ಕಣ್ಣಾಗ ಬಿತ್ತು."

ಬಗ್ಗಿ ನೋಡಿದೆ. ಡಿಫರೆನ್ಸ್ ಒಣಗಿತ್ತು, ಒಂದು ಹನಿಯೂ ಇರಲಿಲ್ಲ.

"ಹೌದು ಮಾವ," ಅಂದೆ, "ಬಾಳ ಸೋರಾಕತ್ತದ."