ಅಳಿಯನೂ ಅಳಿಯದ ಗೆರೆಯೂ

ಎಲ್ಲ ಶುರುವಾದದ್ದು ಒಂದು ಗೇಣುದ್ದದ ಬಾಟಲಿಯಿಂದ. ಅದರ ಹೊಟ್ಟೆಯ ಮೇಲೆ ಮಿರಿಮಿರಿ ಮಿಂಚುವ ಕರಿ ಕಾರಿನ ಚಿತ್ರವಿತ್ತು, ಮೂತಿಗೆ ಗುಲಾಬಿ ಗಿಡಕ್ಕೆ ಔಷಧ ಹೊಡೆಯುವಂಥ ಪಿಚಕಾರಿ ಇತ್ತು. ಇದನ್ನು ಕಾರಿನ ಬಣ್ಣದ ಮೇಲೆ ಸಿಂಪಡಿಸಿ, ಅರಿವೆಯಿಂದ ಹರಡಿ ಒರೆಸಿಬಿಟ್ಟರೆ ಆರು ತಿಂಗಳು ಧೂಳು, ನೀರು, ಕೆಸರು ಯಾವುದೂ ಅಂಟುವುದಿಲ್ಲವೆಂದು ಬೆನ್ನ ಮೇಲೆ ಬರೆದಿತ್ತು. ಹಾನಗಲ್ಲಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಚನ್ನೇಶ ಮಾಸ್ತರ ಅದನ್ನು ಶನಿವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ಸಾಮಾನು ಮಾರುವ ನಾಸೀರನ ಅಂಗಡಿಯಲ್ಲಿ ಕೊಂಡ.

ನಾಸೀರ ಬಾಟಲಿ ಕೈಗೆ ಕೊಡುವ ಮೊದಲು ಎಚ್ಚರಿಕೆಯನ್ನೂ ಕೊಟ್ಟಿದ್ದ. “ಬಿಳೇ ಗಾಡಿ ಆದ್ರ ಕಣ್ಣು ಮುಚ್ಚಿ ಹಚ್ಚಬಹುದು ಸರ್. ಕರೇದಂದ್ರ ಒರಿಸಿದವನ ಕೈ ಎದ್ದು ಕಾಣತೈತಿ. ನೆರಳಿನ್ಯಾಗ ಹಚ್ಚರಿ, ಕಮ್ಮಿ ಹಚ್ಚರಿ, ಎರಡು ಅರಿವಿ ಇಟಗೋರಿ. ಒಂದು ಹಚ್ಚಾಕ, ಒಂದು ಒರಸಾಕ.” ಚನ್ನೇಶ ಇದನ್ನೆಲ್ಲ ತನ್ನ ವಿದ್ಯಾರ್ಥಿಗಳು ಪಾಠ ಕೇಳುವಂತೆ ಕೇಳಿದ, ಅಂದರೆ ತಲೆಯಾಡಿಸಿದ, ಅಷ್ಟೆ.

ಮನೆ ಮುಂದೆ ನಿಂತ ಕರಿ ಕಾರು ಅವನದಲ್ಲ. ಹತ್ತಿಮತ್ತೂರಿನ ಅವನ ಮಾವ ಕರಬಸಪ್ಪನದು. ಕರಬಸಪ್ಪ ಮೆಣಸಿನಕಾಯಿ ವ್ಯಾಪಾರಿ. ಚೀಲದ ಮೇಲೆ ಚಲೋ ಕಾಯಿ ಹಾಕಿ ತಳದಲ್ಲಿ ಹುಳುಕು ತುಂಬಿ ತರುವವರನ್ನು ನಲವತ್ತು ವರ್ಷ ನೋಡಿ ನೋಡಿ, ಅವನು ಮನುಷ್ಯರನ್ನೂ ಮೇಲಿನಿಂದ ನೋಡುವುದನ್ನು ಬಿಟ್ಟಿದ್ದ. ಬೀಗರ ಮನೆಯಲ್ಲಿ ಚಹಾ ಕೊಟ್ಟರೆ ಅಳಿಯ ಒಂದು ಗುಟುಕು ಕುಡಿಯುವವರೆಗೆ ತನ್ನ ಕಪ್ಪನ್ನು ತುಟಿಗೆ ಮುಟ್ಟಿಸುತ್ತಿರಲಿಲ್ಲ. ಅಂಥ ಕರಬಸಪ್ಪ ಈಗ ಹೊಸ ಕಾರು ಬುಕ್ ಮಾಡಿದ್ದ. ಹಳೆಯದನ್ನು ಇಬ್ಬರು ಅಳಿಯಂದಿರಲ್ಲಿ ಒಬ್ಬರಿಗೆ ಕೊಡುವುದೆಂದು ನಿಶ್ಚಯಿಸಿ, ಯಾರಿಗೆ ಎಂಬುದಕ್ಕೆ ಪರೀಕ್ಷೆಯನ್ನೂ ಇಟ್ಟಿದ್ದ. ಹತ್ತು ದಿನ ಶಿಗ್ಗಾಂವಿಯ ಹಿರಿಯಳಿಯ ಪ್ರಭುವಿನ ಹತ್ತಿರ, ಹತ್ತು ದಿನ ಚನ್ನೇಶನ ಹತ್ತಿರ. ಯಾರು ಚೆನ್ನಾಗಿ ಇಟ್ಟುಕೊಳ್ಳುತ್ತಾರೋ ಅವರಿಗೆ ಕಾರು.

ಪ್ರಭು ತನ್ನ ಹತ್ತು ದಿನ ಮುಗಿಸಿ ಹೊಸ ಸೀಟ್ ಕವರ್ ಹಾಕಿಸಿ ಕೊಟ್ಟಿದ್ದ. ಚನ್ನೇಶನ ಹತ್ತನೆಯ ದಿನ ಭಾನುವಾರ, ಅಮಾವಾಸ್ಯೆ. ಸಂಜೆ ಐದಕ್ಕೆ ಮಾವ ಬಸ್ಸಿನಲ್ಲಿ ಬಂದು, ತಾನೇ ಗಾಡಿಗೆ ಅಮಾಸಿ ಪೂಜೆ ಮಾಡಿ, ಕೀಲಿ ಯಾರಿಗೆಂದು ಹೇಳುವವನಿದ್ದ. ಒಂದೇ ಬೈಕಿನ ಮೇಲೆ ಹೆಂಡತಿ, ಇಬ್ಬರು ಮಕ್ಕಳು, ಒಂದು ಚೀಲ ಮತ್ತು ಒಮ್ಮೊಮ್ಮೆ ಒಂದು ಕುಂಬಳಕಾಯಿಯನ್ನು ಹೊತ್ತು ತಿರುಗಿ ಸಾಕಾಗಿದ್ದ ಚನ್ನೇಶನಿಗೆ ಆ ಕಾರು ಬೇಕೇ ಬೇಕಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಕಾರು ತೊಳೆದು, ಲುಂಗಿ ಎತ್ತಿ ಕಟ್ಟಿ, ಮನೆ ಮುಂದಿನ ಬಿಸಿಲಲ್ಲೇ ಕೆಲಸಕ್ಕಿಳಿದ. ಒಂದು ಭಾಗಕ್ಕೆ ಎರಡು ಸಲ ಸಿಂಪಡಿಸಿದರೆ ಸಾಕೆಂದು ಬಾಟಲಿ ಹೇಳುತ್ತಿತ್ತು. ಎರಡಕ್ಕೆ ಅಷ್ಟು ಹೊಳೆದರೆ ಇಪ್ಪತ್ತಕ್ಕೆ ಎಷ್ಟು ಹೊಳೆಯಬೇಡ ಎಂದುಕೊಂಡು, ಹತ್ತಿ ಬೆಳೆಗೆ ಔಷಧ ಹೊಡೆದಂತೆ ಹೊಡೆದ. ಕಾದ ಬಾನೆಟ್ಟಿನ ಮೇಲೆ ಬಿದ್ದದ್ದು ಅರಿವೆ ತಗಲುವ ಮೊದಲೇ ಹೆಂಚಿನ ಮೇಲಿನ ದೋಸೆಯಂತೆ ಹಿಡಿದುಕೊಂಡಿತು. ಒರೆಸಿ ನೋಡಿದರೆ, ಬಸವನಹುಳುಗಳು ಕಬಡ್ಡಿ ಆಡಿ ಹೋದ ಅಂಗಳದ ಹಾಗೆ ಉದ್ದಕ್ಕೂ ಅಡ್ಡಕ್ಕೂ ಗೆರೆಗಳು. ಮತ್ತೆ ಒರೆಸಿದ. ಗೆರೆಗಳು ಜಾಗ ಬದಲಿಸಿದವು. ಅಳಿಯ ಎಷ್ಟು ಬೆವರು ಸುರಿಸಿದರೂ ಗೆರೆ ಅಳಿಯಲಿಲ್ಲ.

ಹೆಂಡತಿ ವಾಣಿಶ್ರೀ ಚಹಾ ತಂದು ಕಾರನ್ನು ಒಂದು ಸುತ್ತು ನೋಡಿದಳು. “ಮೊದಲ ಚಲೋ ಇತ್ತಲ್ರಿ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಆಗ ನೆನಪಾಯಿತು: ನೆರಳು. ಇಡೀ ಓಣಿಯಲ್ಲಿ ನೆರಳಿದ್ದದ್ದು ಎದುರು ಮನೆಯ ಉಳಿವೆಪ್ಪನ ಬೇವಿನ ಮರದಡಿ. ಚನ್ನೇಶ ಕಾರನ್ನು ಅಲ್ಲಿಗೆ ಒಯ್ದು, ಮೂತಿ ಉಳಿವೆಪ್ಪನ ಕಾಂಪೌಂಡಿನ ಕಡೆ ಬರುವಂತೆ ನಿಲ್ಲಿಸಿದ.

ಉಳಿವೆಪ್ಪ ನಿವೃತ್ತ ಕಂಡಕ್ಟರು. ಮೂವತ್ತು ವರ್ಷ, ಟಿಕೇಟು ತೆಗೆಯದೆ ನಿದ್ದೆ ನಟಿಸುವವನನ್ನು ಅವನ ಗೊರಕೆಯ ರಾಗದಿಂದಲೇ ಹಿಡಿದವನು. ಕೆಲಸದಿಂದ ಅವನು ನಿವೃತ್ತನಾಗಿದ್ದರೂ ಅವನ ಸಂಶಯಕ್ಕೆ ಸರ್ಕಾರ ನಿವೃತ್ತಿ ಕೊಟ್ಟಿರಲಿಲ್ಲ. ಅವನು ಕಾಂಪೌಂಡಿನ ಮೇಲೆ ಗದ್ದವಿಟ್ಟು, ಚನ್ನೇಶ ಮುಂದಿನ ಬಂಪರನ್ನು ಉಜ್ಜುವುದನ್ನು ಹತ್ತು ನಿಮಿಷ ನೋಡಿದ.

“ಮಾಸ್ತರ, ನಿಮ್ಮ ಮನಿ ಮುಂದ ಜಾಗಾ ಇಲ್ಲೇನ್ರಿ?”

“ಬಿಸಲೈತಲ್ರಿ ಕಾಕಾ. ಇದನ್ನ ನೆರಳಿನ್ಯಾಗ ಒರಸಬೇಕಂತ.”

“ಹಂಗೇನು,” ಎಂದ ಉಳಿವೆಪ್ಪ. ಟಿಕೇಟು ಕಿಟಕಿಯಿಂದ ಹಾರಿ ಹೋಯಿತೆಂದವನಿಗೆ ಹೇಳುವ ಅದೇ ಹಂಗೇನು. “ನಿನ್ನೆ ಸಂಜಿಮುಂದ ಎತ್ಲಾಗ ಹೋಗಿದ್ರಿ?”

ತಿಳವಳ್ಳಿಯ ಕಡೆ, ಹೆಡ್ಮಾಸ್ತರ ಮನೆಗೆ ಎಂದು ಚನ್ನೇಶ ಒರೆಸುತ್ತಲೇ ಹೇಳಿದ. ಉಳಿವೆಪ್ಪನ ಗದ್ದ ಕಾಂಪೌಂಡಿನಿಂದ ಮೇಲೆದ್ದಿತು. ಅಂದು ಬೆಳಿಗ್ಗೆಯೇ ಅವನ ಮೊಬೈಲಿಗೆ ಒಂದು ಸುದ್ದಿ ಬಂದಿತ್ತು. ತಿಳವಳ್ಳಿ ರಸ್ತೆಯಲ್ಲಿ ಹಿಂದಿನ ಸಂಜೆ ಯಾವುದೋ ಕರಿ ಗಾಡಿ ಫಕ್ಕೀರೇಶ ಎಂಬ ರೈತನ ಎಮ್ಮೆಗೆ ಗುದ್ದಿ ನಿಲ್ಲದೆ ಹೋಗಿತ್ತು; ಎಮ್ಮೆ ಕುಂಟುತ್ತಿತ್ತು. ಕರಿ ಗಾಡಿ, ತಿಳವಳ್ಳಿ ರಸ್ತೆ, ಬೆಳಗಾಗುತ್ತಲೇ ಬಂಪರು ಉಜ್ಜುವ ಮಾಸ್ತರ. ಮೂರನ್ನೂ ಕೂಡಿಸಿ ಟಿಕೇಟು ಹರಿಯಲು ಉಳಿವೆಪ್ಪನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾವನ ಹೆಮ್ಮೆಯ ಕಾರಿಗೆ ಹೀಗೆ ಎಮ್ಮೆಯ ಕಳಂಕ ಹತ್ತಿತು.

ಚನ್ನೇಶನಿಗೆ ಇದರ ಗಾಳಿಯೂ ಬೀಸಿರಲಿಲ್ಲ. ಅವನಿಗೆ ನೆರಳಿನಲ್ಲೂ ಗೆರೆ ಹೋಗದ ಚಿಂತೆ. ನಾಸೀರನಿಗೆ ಫೋನು ಮಾಡಿದ. ನಾಸೀರ ಮೊದಲು ಕೇಳಿದ್ದು ಅರಿವೆಯ ವಿಚಾರ. ಅರಿವೆ ಚೊಕ್ಕಟವಾಗಿದೆ, ಹೆಂಡತಿ ನಿನ್ನೆಯೇ ಒಗೆದು ಘಮಘಮ ಅನ್ನುವ ಹಾಗೆ ಮಾಡಿದ್ದಾಳೆ ಎಂದ ಚನ್ನೇಶ. ನಾಸೀರ ನಿಟ್ಟುಸಿರು ಬಿಟ್ಟ. ಬಟ್ಟೆ ಮೆತ್ತಗಾಗಲೆಂದು ಹಾಕುವ ಆ ವಾಸನೆಯ ನೀರೇ ಅರಿವೆಯಲ್ಲಿ ಜಿಡ್ಡಾಗಿ ಕುಳಿತಿದೆ, ಅದರಿಂದ ಸಂಜೆತನಕ ಒರೆಸಿದರೂ ಗೆರೆಯೇ ಬೀಳುವುದು ಎಂದ. ಬೇರೆ ಹೊಸ ಅರಿವೆಯನ್ನು ಬಿಸಿನೀರಲ್ಲಿ ಹಿಂಡಿ ಹಸಿಯಾಗಿಯೇ ಒಮ್ಮೆ ಒರೆಸಿ, ಬೆನ್ನಿಗೇ ಒಣ ಅರಿವೆ ಆಡಿಸಿ, ಆಮೇಲೆ ಒಂದೇ ಒಂದು ತೆಳು ಸಿಂಪಡಿಕೆ ಕೊಡಬೇಕೆಂದ. ಚನ್ನೇಶ ಈ ಸಲ ನಿಜವಾಗಿ ಕೇಳಿಸಿಕೊಂಡ. ಒಂದು ಗಂಟೆಯಲ್ಲಿ ಬಾನೆಟ್ಟು ತಿಳಿನೀರ ಬಾವಿಯ ಹಾಗೆ ಕಂಡಿತು.

ಆ ಹೊತ್ತಿಗೆ ಪಕ್ಕದ ಮನೆಯ ವೀರವ್ವ ಗುಡಿಯಿಂದ ಬಂದಳು. ಎಂಬತ್ತರ ಮುದುಕಿ, ಓಣಿಯಲ್ಲಿ ಅವಳು ಹರಸದೆ ಬಿಟ್ಟ ತಲೆಯಿಲ್ಲ. ಇಷ್ಟು ಹೊಳೆಯುವ ಗಾಡಿಗೆ ಅಮಾಸಿ ದಿನ ದೃಷ್ಟಿಯಾದೀತೆಂದು ಅವಳಿಗೆ ಕಳವಳವಾಯಿತು. ಸೆರಗಿನ ಗಂಟಿನಿಂದ ವಿಭೂತಿ ತೆಗೆದು, ನೀರಲ್ಲಿ ಕಲಸಿ, ಮೂರು ಬೆರಳಿಂದ ಬಾನೆಟ್ಟಿನ ನಟ್ಟನಡುವೆ, ಇನ್ನೂ ಹಸಿಯಾಗಿದ್ದ ಸಿಂಪಡಿಕೆಯ ಮೇಲೆ, ಎಳೆದೇಬಿಟ್ಟಳು ಮೂರು ಗೆರೆ.

ಬೆಳಗಿನಿಂದ ಗೆರೆ ಕಂಡಲ್ಲಿ ಒರೆಸಿ ಒರೆಸಿ ಚನ್ನೇಶನ ಕೈಗೆ ಬುದ್ಧಿ ಉಳಿದಿರಲಿಲ್ಲ. ಅದು ತಾನಾಗಿಯೇ ಮುಂದೆ ಹೋಗಿ ಮೂರನ್ನೂ ಒಂದೇ ಏಟಿಗೆ ಒರೆಸಿತು. ಒರೆಸಿದ ಮೇಲೆಯೇ ಅವನಿಗೆ ತಾನು ಒರೆಸಿದ್ದೇನೆಂದು ತಿಳಿದದ್ದು.

“ಈಬತ್ತಿ ಒರಿಸಿದೇನಪಾ ತಮ್ಮಾ?” ಎಂದಳು ವೀರವ್ವ. ದನಿ ಏರಿಸಲಿಲ್ಲ, ಏರಿಸಿದ್ದರೇ ಚೆನ್ನಾಗಿತ್ತು.

“ಹಂಗಲ್ಲ ಆಯಿ, ಅದು ಹಸಿ ಇತ್ತು...”

“ಪಾಪ ಮಾಡಿದವಗ ಈಬತ್ತಿ ಕಂಡ್ರ ಉರೀತೈತಿ, ಆಯಿ,” ಎಂದ ಉಳಿವೆಪ್ಪ ಕಾಂಪೌಂಡಿನ ಮೇಲಿನಿಂದ. ಅವನಿಗೆ ಇನ್ನು ಬೇರೆ ಪುರಾವೆ ಬೇಕಿರಲಿಲ್ಲ. ಒಳಗೆ ಹೋಗಿ ತಿಳವಳ್ಳಿಗೆ ಫೋನು ಹಚ್ಚಿದ.

ಎರಡೂವರೆಗೆ ಫಕ್ಕೀರೇಶ ಬೈಕಿನಲ್ಲಿ ಬಂದ. ಆಜಾನುಬಾಹು, ಮಾತು ಕಡಿಮೆ, ಮೀಸೆ ಹೆಚ್ಚು. ಉಳಿವೆಪ್ಪ ತನ್ನ ಹಳೆಯ ದನಿಯಲ್ಲಿ “ಬರ್ರಿ ಬರ್ರಿ, ಮುಂದ ಬರ್ರಿ, ಮುಂದ ಖಾಲಿ ಐತಿ,” ಎನ್ನುತ್ತ ಅವನನ್ನು ಬಂಪರಿನವರೆಗೆ ಕರೆತಂದ. ಅವನ ಹಿಂದೆ ಓಣಿಯ ಹತ್ತು ಜನ ಬಂದರು. ಎಮ್ಮೆಯ ಸುದ್ದಿ ಚನ್ನೇಶನಿಗೆ ಮೊದಲು ಗೊತ್ತಾದದ್ದು ಆಗ. ತಾನು ನೋಡಿಯೇ ಇಲ್ಲ, ತನ್ನ ಕಾರು ಅಲ್ಲಿ ಯಾವುದಕ್ಕೂ ತಾಗಿಲ್ಲ ಎಂದ.

“ತಾಗಿಲ್ಲಂದ್ರ ಯಾಕ ಒರಸಾಕತ್ತೀರಿ?” ಎಂದು ಫಕ್ಕೀರೇಶ ಕೇಳಿದ.

ಇದಕ್ಕೆ ಖರೆ ಉತ್ತರ, ಮಾವನಿಂದ ಕಾರು ಗಿಟ್ಟಿಸಲು ಎಂಬುದು. ಅದನ್ನು ಹತ್ತು ಜನರ ಮುಂದೆ ಹೇಳಲು ಚನ್ನೇಶನಿಗೆ ನಾಲಿಗೆ ಏಳಲಿಲ್ಲ. ಮತ್ತೆ ಬಂಪರು ಒರೆಸತೊಡಗಿದ. ಒರೆಸಿದ್ದೇ ಒಪ್ಪಿಕೊಂಡಂತಾಯಿತು.

ತಪಾಸಣೆ ಶುರುವಾಯಿತು. ಫಕ್ಕೀರೇಶ ಮೊಬೈಲಿನ ಬ್ಯಾಟರಿ ಹಾಕಿಕೊಂಡು ಬಂಪರಿನ ಮೇಲೆ ಇಂಚಿಂಚು ಎಮ್ಮೆಯ ಕೂದಲು ಹುಡುಕಿದ. ಕರಿ ಕಾರಿನ ಮೇಲೆ ಕರಿ ಕೂದಲು ಕಾಣುವುದು ಹೇಗೆಂದು ಯಾರೋ ಕೇಳಿದ್ದಕ್ಕೆ ಇನ್ನೂ ಐದು ಮೊಬೈಲುಗಳ ಬೆಳಕು ಬಂದು ಬಿದ್ದಿತು. ಮದುವೆ ಮಂಟಪದಲ್ಲೂ ವರನ ಮೇಲೆ ಅಷ್ಟು ಬೆಳಕು ಬೀಳುವುದಿಲ್ಲ.

“ಇಲ್ಲೊಂದು ಗೆರಿ ಐತಿ,” ಎಂದ ಉಳಿವೆಪ್ಪ ಎಡಬಾಗಿಲ ಹತ್ತಿರ.

ಚನ್ನೇಶ ಬಾಗಿ ನೋಡಿದ. ಖರೆ, ಸಿಂಪಡಿಕೆಯ ಒಂದು ತೆಳು ಗೆರೆ ಉಳಿದಿತ್ತು. ಬರಿಗಣ್ಣಿಗೆ ಕಾಣದ್ದು ಬ್ಯಾಟರಿಗೆ ಕಂಡಿತ್ತು. ಹಸಿ ಅರಿವೆ, ಒಣ ಅರಿವೆ, ಗೆರೆ ಮಾಯ. ಸಾಕ್ಷಿ ಅಳಿಸಬೇಡವೆಂದು ಉಳಿವೆಪ್ಪ ಕೈ ಹಿಡಿದರೂ ಚನ್ನೇಶ ಬಿಡಲಿಲ್ಲ. ಇಲ್ಲೊಂದು, ಅಲ್ಲೊಂದು, ಚಕ್ರದ ಮೇಲೊಂದು ಎಂದು ಓಣಿಯವರು ಸಂಶಯದಿಂದ ತೋರಿಸುತ್ತ ಹೋದರು, ಅವನು ಸಂತೋಷದಿಂದ ಒರೆಸುತ್ತ ಹೋದ. ವಿಭೂತಿಯ ಸಿಟ್ಟಿನಲ್ಲಿದ್ದ ವೀರವ್ವ ಕೂಡ ಕಟ್ಟೆಯ ಮೇಲಿಂದ ಕೋಲು ಚಾಚಿ ಹಿಂದಿನ ಗಾಜಿನ ಕೆಳಗೆ ಒಂದು ತೋರಿಸಿದಳು. ನಾಲ್ಕೂವರೆಯ ಹೊತ್ತಿಗೆ ಕಾರಿನ ಮೇಲೆ ಕೂದಲೂ ಇಲ್ಲ, ತರಚೂ ಇಲ್ಲ, ಹುಡುಕಿದರೂ ಒಂದು ಗೆರೆಯಿಲ್ಲ. ಬೇವಿನ ಎಲೆಗಳು ಬಾಗಿಲಲ್ಲಿ ಒಂದೊಂದಾಗಿ ಎಣಿಸುವಂತೆ ಕಾಣುತ್ತಿದ್ದವು.

ಅಷ್ಟರಲ್ಲಿ ಫಕ್ಕೀರೇಶನಿಗೆ ಹೆಂಡತಿ ಜಯಾಳ ಫೋನು ಬಂತು. ಗುದ್ದಿದ್ದು ಒಂದು ಕರಿ ಬಣ್ಣದ ಹಾಲಿನ ಗಾಡಿಯೆಂದೂ, ಅದರ ಡ್ರೈವರನೇ ಮನೆಗೆ ಬಂದು ಒಪ್ಪಿಕೊಂಡು ಎಮ್ಮೆಯ ಕಾಲಿಗೆ ಡಾಕ್ಟರನ್ನು ಕರೆತಂದಿದ್ದಾನೆಂದೂ ಹೇಳಿದಳು. ಫಕ್ಕೀರೇಶ ಕೈ ಮುಗಿದ. ಹೋಗುವ ಮುನ್ನ ಬಾನೆಟ್ಟಿನಲ್ಲಿ ನೋಡಿಕೊಂಡು ಮೀಸೆಯನ್ನೂ ಸರಿಮಾಡಿಕೊಂಡ. ಉಳಿವೆಪ್ಪ ಮಾತ್ರ, ಆ ಡ್ರೈವರ ಅಷ್ಟು ಬೇಗ ಒಪ್ಪಿಕೊಂಡದ್ದರಲ್ಲಿ ಏನೋ ಇದೆ ಎಂದುಕೊಳ್ಳುತ್ತ ಒಳಗೆ ಹೋದ.

ಐದಕ್ಕೆ ಸರಿಯಾಗಿ ಕರಬಸಪ್ಪ ತೆಂಗಿನಕಾಯಿ, ಲಿಂಬೆಹಣ್ಣಿನ ಚೀಲ ಹಿಡಿದು ಓಣಿಯ ತಿರುವಿನಲ್ಲಿ ಕಂಡ. ಕಾರಿನ ಹತ್ತಿರ ಬಂದವನು ನಿಂತ. ಮೂರು ಸುತ್ತು ಹಾಕಿದ. ಬಗ್ಗಿ ಮೂಸಿದ. ಬಾಗಿಲಲ್ಲಿ ಕಂಡ ತನ್ನ ಮುಖವನ್ನು ಯಾರೋ ಪರಕೀಯನೆಂಬಂತೆ ದಿಟ್ಟಿಸಿದ.

“ಇದು ನನ್ನ ಕಾರಲ್ಲ,” ಎಂದ.

ಚನ್ನೇಶ ನಂಬರ್ ಪ್ಲೇಟು ತೋರಿಸಿದ. ಪ್ಲೇಟು ಬಿಚ್ಚಿ ಹಾಕುವುದಕ್ಕೆ ಎರಡು ಸ್ಕ್ರೂ ಸಾಕು ಎಂದ ಮಾವ. ವಾಣಿಶ್ರೀ ಬಂದು, ಅಪ್ಪಾ, ನಿನ್ನದೇ ಗಾಡಿ ಎಂದರೂ ನಂಬಲಿಲ್ಲ. ಕೊನೆಗೆ ಮುಂದಿನ ಸೀಟಿನಡಿ ಕೈ ತೂರಿಸಿ, ಎರಡು ವರ್ಷದ ಹಿಂದೆ ಕಳೆದಿದ್ದ ತನ್ನದೇ ಸುಣ್ಣದ ಡಬ್ಬಿಯನ್ನು ಎಳೆದು ತೆಗೆದು, ಮುಚ್ಚಳ ತಿರುವಿ ನೋಡಿದ ಮೇಲೆ ಕಾರನ್ನು ಒಪ್ಪಿಕೊಂಡ. ಅಳಿಯನ ಬೆನ್ನು ತಟ್ಟಿದ. ಚನ್ನೇಶನ ಎದೆ ಬಾನೆಟ್ಟಿನಷ್ಟು ಅಗಲವಾಯಿತು. ಪೂಜೆಯಾಯಿತು, ಕಾಯಿ ಒಡೆಯಿತು, ಚಕ್ರದಡಿ ಲಿಂಬೆಹಣ್ಣು ಇಟ್ಟಾಯಿತು. ಕರಬಸಪ್ಪ ಕೀಲಿಗಾಗಿ ಕೈ ಚಾಚಿದ. ಶಾಸ್ತ್ರೋಕ್ತವಾಗಿ ಇಸಿದುಕೊಂಡು ಮರಳಿ ಕೊಡುತ್ತಾನೆಂದು ಚನ್ನೇಶ ಎರಡೂ ಕೈಯಿಂದ ಕೊಟ್ಟ.

“ಅಳ್ಯಾರ,” ಎಂದ ಕರಬಸಪ್ಪ ನಿಧಾನವಾಗಿ, “ಈ ಗಾಡಿ ಹಳೇದಾತು, ಬಣ್ಣ ಹೋತು, ಹೊಸಾದು ತಗೋರಿ ಅಂತ ವರ್ಷಗಟ್ಟಲೆ ನನ್ನ ಕಿವ್ಯಾಗ ಊದಿದವರು ಯಾರ್ರಿ?”

“ನಾನೂ ಒಂದೀಟು ಹೇಳಿದ್ನಿರಿ ಮಾವಾರ. ಪ್ರಭು ಅಣ್ಣಾರೂ ಹೇಳಿದ್ರು.”

“ಅಂದ್ರ ಇಬ್ಬರೂ ಕೂಡಿ. ಇಷ್ಟು ಚಲೋ ಗಾಡಿನ್ನ ನನ್ನ ಕೈಲೆ ಬಿಡಸಾಕ ಹೊಂಚು ಹಾಕಿದ್ರಿ. ಇವತ್ತು ನನ್ನ ಕಣ್ಣಿಗೆ ಬಿತ್ತು, ಚಲೋ ಆತು.”

ಅಲ್ಲೇ ನಿಂತು ಶೋರೂಮಿಗೆ ಫೋನು ಹಚ್ಚಿ ಹೊಸ ಕಾರು ಬೇಡವೆಂದ. ಉಳಿದ ಅರ್ಧ ಬಾಟಲಿಯನ್ನೂ ಎರಡು ಅರಿವೆಯನ್ನೂ ಡಿಕ್ಕಿಗೆ ಹಾಕಿಸಿಕೊಂಡ. ಪ್ರತಿ ಅಮಾಸಿಗೆ ಹತ್ತಿಮತ್ತೂರಿಗೆ ಬಂದು ಹೀಗೇ ಹಚ್ಚಿ ಹೋಗಬೇಕೆಂದು ಅಳಿಯನಿಗೆ ಅಪ್ಪಣೆಯಾಯಿತು. ಲಿಂಬೆಹಣ್ಣು ಪಚಕ್ಕೆಂದಿತು, ಕಾರು ಹೊರಟೇ ಹೋಯಿತು.

ಚನ್ನೇಶ ಇನ್ನೂ ಲುಂಗಿ ಇಳಿಸಿರಲಿಲ್ಲ, ಶಿಗ್ಗಾಂವಿಯಿಂದ ಪ್ರಭುವಿನ ಫೋನು ಬಂತು. ಮಾವ ದಾರಿಯಲ್ಲೇ ಗಾಡಿ ನಿಲ್ಲಿಸಿ ಫೋನಿನಲ್ಲಿ ಅವನಿಗೂ ಬೈದಿದ್ದನಂತೆ.

“ಖರೇ ಹೇಳ್ರಿ ಮಾಸ್ತರ,” ಎಂದ ಪ್ರಭು, ಎಲ್ಲ ತಿಳಿದವನ ದನಿಯಲ್ಲಿ. “ಕಾರು ನನಗ ಬರೂದು ಖಾತ್ರಿ ಆಗಿತ್ತು. ಅದು ಗೊತ್ತಾಗೇ, ನನಗ ಸಿಗಬಾರದಂತ ಹಂಗ ತಿಕ್ಕಿದ್ರಿ, ಹೌದಿಲ್ಲೋ?”