ಅವ್ವ ನೋಡಿದ ವರ

ಮರೆವಿನ ಕಾಯಿಲೆಯವರನ್ನು ನೋಡಲು ಹೋದವರು ಕಣ್ಣೊರೆಸಿಕೊಳ್ಳುತ್ತ ವಾಪಸ್ ಬರುತ್ತಾರೆ ಅಂತ ಮಂದಿ ತಿಳಿದಿರುತ್ತಾರೆ. ನಾನೂ ನನ್ನ ಗಂಡನೂ ಪ್ರತಿ ಭಾನುವಾರ ವಾಡಿಯಿಂದ ಶಹಾಬಾದಿಗೆ ಹೋಗಿ, ಅಲ್ಲಿನ ಆರೈಕೆ ಕೇಂದ್ರದಲ್ಲಿರುವ ನಮ್ಮವ್ವನನ್ನು ನೋಡಿ ಬರುತ್ತೇವೆ. ಕಣ್ಣೊರೆಸಿಕೊಳ್ಳುವುದು ಖರೆ. ಆದರೆ ಎಷ್ಟೋ ಸಲ ಅದು ನಕ್ಕು ನಕ್ಕು ಬಂದ ನೀರು. ಅವ್ವ ಚಿಂಚೋಳಿ ತಾಲೂಕಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಸರ್ಕಾರಿ ನರ್ಸಬಾಯಿಯಾಗಿ ಹೆರಿಗೆ ಮಾಡಿಸಿದವಳು. ನನ್ನ ಹೆಸರು ಮರೆತಿದ್ದಾಳೆ, ನೌಕರಿ ಮರೆತಿಲ್ಲ.

ಎಷ್ಟನೇ ತಿಂಗಳು?

ಕೇಂದ್ರದ ಮ್ಯಾನೇಜರರ ಹೊಟ್ಟೆ ಅವರಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತದೆ. ಅವ್ವ ಸೇರಿದ ಮೊದಲ ವಾರ ಅವರು ಬಂದು, "ಆರಾಮ ಅದೀರೇನ್ರಿ ಅಮ್ಮಾ?" ಎಂದು ಬಗ್ಗಿದರು. ಅವ್ವ ಅವರ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಅಲ್ಲಲ್ಲಿ ಒತ್ತಿ ನೋಡಿ, "ಎಷ್ಟನೇ ತಿಂಗಳು?" ಎಂದಳು.

"ನಾ ಗಂಡಸ ಅದೀನ್ರಿ ಅಮ್ಮಾ."

"ಯಾರರೆ ಇರಲಿ, ಎಂಟು ತುಂಬ್ಯಾವ. ಇನ್ನ ಮ್ಯಾಲ ಭಾರ ಎತ್ತಬ್ಯಾಡ್ರಿ."

ಆವತ್ತಿನಿಂದ ಅವರು ಅವ್ವನ ಕೋಣೆಗೆ ಬರುವಾಗ ದೊಡ್ಡ ರಿಜಿಸ್ಟರೊಂದನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡೇ ಬರುತ್ತಾರೆ.

ಖಡಕ್ ನರ್ಸಬಾಯಿ

ಒಂದು ದಿನ ಮಂಚದ ಮೇಲೆ ಕುಳಿತು ಅವ್ವನ ತಲೆ ಬಾಚುತ್ತಿದ್ದೆ. ತಟ್ಟನೆ ತಿರುಗಿ, "ನೀವ್ಯಾರ್ರಿ?" ಎಂದಳು.

"ನಿನ್ನ ಮಗಳವ್ವಾ."

"ಎಲ್ಲಾರೂ ಹಂಗೇ ಅಂತಾರ. ಪೇಶಂಟಿನ ಕಡಿಯವರು ಹೊರಗ ನಡೀರಿ, ಭೇಟಿ ಟೈಮ್ ಮುಗೀತು."

ಎದ್ದು ಬಂದು ವರಾಂಡದಲ್ಲಿ ನಿಂತೆ. ಹತ್ತು ನಿಮಿಷಕ್ಕೆ ಬಾಗಿಲು ಸ್ವಲ್ಪವೇ ತೆರೆಯಿತು. ಅವ್ವ ಆಚೆ ಈಚೆ ನೋಡಿ ಪಿಸುಗುಟ್ಟಿದಳು: "ಯವ್ವಾ, ಜಲ್ದಿ ಒಳಗ ಬಾ. ಆ ನರ್ಸಬಾಯಿ ಹೋಗ್ಯಾಳ. ಭಾಳ ಖಡಕ್ ಅದಾಳ ಆಕಿ."

ಯಾರ ಮನೆ?

ಪಕ್ಕದ ಕೋಣೆಯಲ್ಲಿ ಭಂಕೂರದ ಒಬ್ಬ ಅಜ್ಜ ಇದ್ದಾರೆ. ಕಲ್ಲಿನ ಕೆಲಸ ಮಾಡಿದವರು, ಅವರಿಗೂ ಇದೇ ಕಾಯಿಲೆ. ಸಂಜೆ ಚಹಾದ ಹೊತ್ತಿಗೆ ಇಬ್ಬರೂ ಅಂಗಳದ ಬೆಂಚಿನ ಮೇಲೆ ಕೂರುತ್ತಾರೆ. ಇದು ತನ್ನ ಮನೆ, ಎದುರಿನವರು ಬಂದ ಬೀಗರು ಎಂಬುದು ಇಬ್ಬರ ಲೆಕ್ಕ. "ಇನ್ನಷ್ಟು ಚಾ ತಗೋರಿ", "ನೀವು ತಗೋರಿ" ಎಂದು ಉಪಚಾರವೋ ಉಪಚಾರ. ಕಡೆಗೆ ಅಜ್ಜ ನನ್ನನ್ನು ಹತ್ತಿರ ಕರೆದು ಕೇಳಿದರು: "ಈ ಬಾಯಿ ಯಾವಾಗ ಹೋಗ್ತಾಳ್ರಿ?" ಅತ್ತ ಅವ್ವ ನನ್ನ ಗಂಡನ ಅಂಗಿ ಜಗ್ಗಿ ಅದನ್ನೇ ಕೇಳುತ್ತಿದ್ದಳು.

ಹುಡುಗ ಹ್ಯಾಂಗ?

ನಾನು ಬೇರೆ ಜಾತಿಯವರನ್ನು ಮೆಚ್ಚಿ ಮದುವೆಯಾದವಳು. ಇಪ್ಪತ್ತು ವರ್ಷ ಅವ್ವ ಅಳಿಯನ ಜೊತೆ ನೇರ ಮಾತಾಡಲಿಲ್ಲ. ಎದುರಿಗೇ ಕುಳಿತಿದ್ದರೂ, "ಬಂದವರಿಗಿ ಚಾ ಬೇಕೇನು ಕೇಳು" ಎಂದು ನನಗೆ ಹೇಳುತ್ತಿದ್ದಳು. ಈಗ ಆ ಸಿಟ್ಟೂ ಮರೆತುಹೋಗಿದೆ. ಅವರು ಪೇರಲ ಹಣ್ಣು ಹೆಚ್ಚಿ, ಬೀಜ ತೆಗೆದು ಕೊಟ್ಟರೆ ಮಗುವಿನಂತೆ ಬಾಯಿ ತೆರೆಯುತ್ತಾಳೆ.

ಹೋದ ತಿಂಗಳು ಹಾಗೆ ತಿನ್ನುತ್ತಲೇ ಕೇಳಿದಳು: "ಏನ್ ಮಾಡ್ತೀರಿ ತಮ್ಮಾ?"

"ಸಿಮೆಂಟ್ ಫ್ಯಾಕ್ಟರಿದಾಗ ನೌಕರಿ ಅದ ರೀ."

"ಲಗ್ನ ಆಗ್ಯಾದೇನು?"

ಅವರು ನನ್ನ ಮುಖ ನೋಡಿದರು. ನಾನು ಕಣ್ಣು ಮಿಟುಕಿಸಿದೆ. "ಇನ್ನಾ ಇಲ್ರಿ" ಎಂದರು.

ಅವ್ವ ಹತ್ತಿರ ಸರಿದಳು. "ನನಗೊಬ್ಬಾಕಿ ಮಗಳು ಅದಾಳ. ಜರಾ ಸಿಟ್ಟು ಜಾಸ್ತಿ, ಮನಸ್ಸು ಭಾಳ ಚಲೋ. ಮಾಡ್ಕೋತೀರೇನು?"

ಈ ಒಂದು ಮಾತಿಗೆ ನಾವು ಇಪ್ಪತ್ತು ವರ್ಷ ಕಾದಿದ್ದೆವು. ಹಣ್ಣು ಹೆಚ್ಚುತ್ತಿದ್ದ ಅವರ ಕೈ ನಿಂತಿತು. "ಮಾಡ್ಕೋತೀನ್ರಿ. ಆದ್ರ ನಿಮ್ಮ ಮಗಳು ಒಪ್ಪಬೇಕಲ್ಲ?"

"ಅದೇ ನೋಡ್ರಿ ನನಗ ಫಿಕರ್. ಆಕಿ ಯಾವನೋ ಒಬ್ಬನ್ನ ಮೆಚ್ಚಿ ಕುಂತಾಳ. ಅವ ನಿಮ್ಮಂಗಲ್ಲ, ಪೂರಾ ಪೋಕರಿ. ಹ್ಯಾಂಗರೆ ಮಾಡಿ ಅವನ್ನ ಬಿಡಿಸಿ ನಿಮಗೇ ಕೊಡ್ತೀನಿ."

ನನ್ನ ಗಂಡ ಮೆಲ್ಲಗೆ, "ಅವನ್ನ ನಾ ಬಲ್ಲೆನ್ರಿ. ಅಂಥಾ ಕೆಟ್ಟವ ಏನಲ್ಲ" ಎಂದರು.

ಅವ್ವ ಅವರ ಬೆನ್ನು ತಟ್ಟುತ್ತ ನನ್ನ ಕಡೆ ತಿರುಗಿದಳು. "ಕೇಳಿದ್ರೇನು ಬಾಯಿ? ಅಂಥವನಿಗೂ ಕೆಟ್ಟ ಅನ್ನಂಗಿಲ್ಲ! ಅಳಿಯ ಅಂದ್ರ ಹಿಂಗಿರಬೇಕು."