ಮಿಕ್ಸರಿಗೆ ಶಟ್‌ಡೌನ್

ಬೀದಿಯಲ್ಲಿ ಹುಲಿ, ಮನೆಯಲ್ಲಿ ಇಲಿ ಅನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಹಾಗಂದರೆ ಇಲಿಗೇ ಅವಮಾನ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಬಂಡೆ ಅರೆದು ಹಿಟ್ಟು ಮಾಡುವ ಮಿಲ್ಲಿಗೆ ನಾನು ಫಿಟರ್. ಅಂಥವನ ಮನೆಯಲ್ಲಿ, ಎಳ್ಳಮಾವಾಸ್ಯೆಯ ಹಿಂದಿನ ದಿನ, ಹುರಿದ ಶೇಂಗಾ ಅರೆಯಲಾರದೆ ಮಿಕ್ಸರ್ ಗುಂಯ್ ಎಂದು ನಿಂತಿತು. ಮರುದಿನ ಸೇಡಂ ಹತ್ತಿರದ ಮುಧೋಳದಲ್ಲಿ ಮಾವನವರ ಹೊಲದಲ್ಲಿ ಊಟ. ಭಜ್ಜಿ, ಸಜ್ಜೆ ರೊಟ್ಟಿ ಅವರದು; ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ನಮ್ಮದು. ಬರಿಗೈಯಲ್ಲಿ ಹೋದರೆ ಮಾವನವರು ಬೈಯುವುದಿಲ್ಲ. ಮುಂದಿನ ಎಳ್ಳಮಾವಾಸ್ಯೆಯವರೆಗೆ ನಗುತ್ತಾರೆ, ಅಷ್ಟೆ.

"ಅಂಗಡಿಗಿ ಒಯ್ದು ಕೊಡ್ರಿ," ಎಂದಳು ಹೆಂಡತಿ ಮಾದೇವಿ. "ಫಿಟರ್ ಮನಿ ಮಿಕ್ಸರ್ ಅಂಗಡಿಗಿ ಹೋದ್ರ ನನ್ನ ಮರ್ಯಾದಿ ಏನಾಗಬೇಕು?" ಎಂದು ನಟ್ಟು ಬಿಚ್ಚುವ ಪಾನಾ ಹಿಡಿದು ಕುಳಿತೆ. ಕಾರ್ಖಾನೆಯಲ್ಲಿ ಕರೆಂಟು ತೆಗೆಯದೆ ಯಾವ ಯಂತ್ರವನ್ನೂ ಮುಟ್ಟುವಂತಿಲ್ಲ. ಅದಕ್ಕೆ ಶಟ್‌ಡೌನ್ ಎನ್ನುತ್ತೇವೆ. ಇಲ್ಲಿ ಪ್ಲಗ್ ಕಿತ್ತರೆ ಸಾಕಿತ್ತು. ಅಭ್ಯಾಸಬಲ ನೋಡಿ, ಇಡೀ ಮನೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆ. ಟಿ.ವಿ. ನಿಂತಿತು, ನೀರೇರಿಸುತ್ತಿದ್ದ ಮೋಟಾರೂ ನಿಂತಿತು. "ಮಿಕ್ಸರ್ ಒಂದೇ ಕೆಟ್ಟಿತ್ತು. ಈಗ ಮನೀನೇ ಕೆಟ್ಟದ," ಎಂದಳು.

ಜಾರಿನ ತಳದಲ್ಲಿ ಬ್ಲೇಡಿನ ಕಡ್ಡಿ ತಿರುಗುವ ಬುಷ್ ಬಿಗಿದುಕೊಂಡಿತ್ತು. ಬಿಚ್ಚಿ, ತಿಕ್ಕಿ, ಮಿಲ್ಲಿಗೆ ಹಾಕುವಂಥದೇ ಗಟ್ಟಿ ಗ್ರೀಸನ್ನು ಕೈತುಂಬ ಮೆತ್ತಿದೆ. ಫ್ಯೂಸ್ ಮತ್ತೆ ಸಿಕ್ಕಿಸಿ, ಶೇಂಗಾ ಹಾಕಿ ಒತ್ತಿದರೆ ಬ್ಲೇಡು ಗಿರ್ರನೆ ತಿರುಗಿತು! ಹೆಮ್ಮೆಯಿಂದ ಮುಚ್ಚಳ ತೆಗೆದರೆ ಹಿಂಡಿ ಕರ್ರಗೆ ಹೊಳೆಯುತ್ತಿತ್ತು. ಮಾದೇವಿ ಮೂಸಿ ನೋಡಿ, "ಇದನ್ನ ತಿಂದ್ರ ನಮ್ಮಪ್ಪನ ಮೊಣಕಾಲು ಕಟಕಟ ಅನ್ನೋದಾದ್ರೂ ನಿಲ್ತದ," ಎಂದಳು.

ಹಿಡಿದ ಹಟ ಬಿಡುವವನಲ್ಲ ನಾನು. ಅಂಗಳದ ಮೂಲೆಯ ಒರಳು ತೊಳೆದು, ಬೇರೆ ಶೇಂಗಾ ಹುರಿಸಿ, ಬೆಳ್ಳುಳ್ಳಿ, ಖಾರ, ಉಪ್ಪು ಸಮೇತ ನಾನೇ ಒನಕೆಯಿಂದ ಕುಟ್ಟಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಮಾದೇವಿ ಆಗಾಗ ಬಂದು, "ಇನ್ನಾ ಸಣ್ಣಗಾಗ್ಬೇಕು, ಕುಟ್ರಿ," ಎಂದು ಹೋಗುತ್ತಿದ್ದಳು.

ಮರುದಿನ ಮಾವನವರು ರೊಟ್ಟಿಗೆ ಹಿಂಡಿ ಹಚ್ಚಿ ಬಾಯಿಗಿಟ್ಟು, ಇನ್ನಷ್ಟು ಹಿಂಡಿ ಬಡಿಸಿಕೊಂಡರು. "ಭಾಳ ದಿನಕ್ಕ ಇಂಥಾ ಹಿಂಡಿ ತಿಂದೆ. ಯಾರು ಕುಟ್ಟ್ಯಾರವ್ವಾ?" "ನಿಮ್ಮ ಅಳ್ಯಾರು, ಯಪ್ಪಾ," ಎಂದಳು ಮಾದೇವಿ. ನನಗಾದ ಸಂತೋಷ ಹೇಳತೀರದು. ಆ ಸಂತೋಷದಲ್ಲಿ, "ಇದೇನ್ ಮಹಾ ಬಿಡ್ರಿ, ಯಾವಾಗ ಬೇಕಾದ್ರೂ ಕುಟ್ತೀನಿ," ಎಂದುಬಿಟ್ಟೆ.

ಈಗ ಗ್ರೀಸೆಲ್ಲ ತೊಳೆದು, ಅಡುಗೆ ಎಣ್ಣೆ ಬಿಟ್ಟು ಮಿಕ್ಸರನ್ನು ಸರಿಮಾಡಿದ್ದೇನೆ. ಚೆನ್ನಾಗಿ ಓಡುತ್ತದೆ. ಆದರೆ ಮಾದೇವಿ ಅದಕ್ಕೆ ಬಟ್ಟೆ ಹೊದಿಸಿ ಇಟ್ಟಿದ್ದಾಳೆ. ನಮಗೂ, ಮುಧೋಳಕ್ಕೂ, ಸೇಡಂನ ನಾದಿನಿಗೂ ಹಿಂಡಿ ಕುಟ್ಟುವವನು ನಾನೇ. ಮೊನ್ನೆ ಭುಜ ಹಿಡಿದುಕೊಂಡಿತು. ನನಗೂ ಸ್ವಲ್ಪ ಶಟ್‌ಡೌನ್ ಕೊಡು ಎಂದು ಅಂಗಲಾಚಿದೆ.

"ಗ್ರೀಸಿನ ಡಬ್ಬಿ ಅಲ್ಲೇ ಅದ," ಎಂದಳು. "ಹಚ್ಕೊಂಡು ಕುಟ್ರಿ."